ಹೆಸರೊಂದನ್ನು ಬಿಟ್ಟು ಮಿಕ್ಕೆಲ್ಲ

2006ರ ಡಿಸೆಂಬರ್ 14ರ ರಾತ್ರಿ ಸಿಯಾಟಲ್ ಸುತ್ತಮುತ್ತ ಬೀಸಿದ ಬಿರುಗಾಳಿಯನ್ನು ಆಗ ಇಲ್ಲಿದ್ದವರು ಮರೆತಿರಲಾರರು. ಹತ್ತು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳ ಕರೆಂಟು ಹೋಯಿತು. ಕರ್ಕ್‌ಲೆಂಡ್‌ನ ನಮ್ಮ ಬೀದಿಗೆ ಅದು ಮರಳಿದ್ದು ಐದನೇ ದಿನ. ಹಾಸನದಿಂದ ಬಂದು ನಮಗಿನ್ನೂ ವರ್ಷ ತುಂಬಿರಲಿಲ್ಲ. ಮಗಳಿಗೆ ನಾಲ್ಕು ತಿಂಗಳು. ಮನೆ ಹಿಮಗಟ್ಟುವಂತೆ ತಣ್ಣಗಾಗುತ್ತಿತ್ತು. ಎರಡನೇ ದಿನ ಸಂಜೆ ಎದುರು ಮನೆಯ ಇಬ್ಬರು ಹೆಂಗಸರು ಬಂದು ಬಾಗಿಲು ತಟ್ಟಿದರು. ತಮ್ಮ ಮನೆಯಲ್ಲಿ ಸೌದೆ ಒಲೆ ಇದೆ, ಮಗುವನ್ನು ಕರೆದುಕೊಂಡು ಬನ್ನಿ ಎಂದರು. ಮೂರು ರಾತ್ರಿ ಆ ಒಲೆಯ ಮುಂದೆ ಮಲಗಿದ್ದೆವು. ಅವರಲ್ಲಿ ಹಿರಿಯಾಕೆ ಶಾಲಾ ಬಸ್ಸು ಓಡಿಸುತ್ತಿದ್ದವರು, ಕಿರಿಯಾಕೆ ನರ್ಸು. ಅಕ್ಕತಂಗಿಯರಿರಬೇಕು ಎಂದೇ ನಾವು ತಿಳಿದಿದ್ದೆವು. ಅಲ್ಲವೆಂದು ಗೊತ್ತಾದದ್ದು ಒಲೆಯ ಮೇಲಿನ ಗೋಡೆಯಲ್ಲಿ ತೂಗುಹಾಕಿದ್ದ ಹಳೆಯ ಫೋಟೊಗಳನ್ನು ನೋಡಿದಾಗ.

ಅದೇ ಬಿರುಗಾಳಿಯ ರಾತ್ರಿ ಸರೋವರದ ಆಚೆ, ಸಿಯಾಟಲ್‌ನ ಮ್ಯಾಡಿಸನ್ ವ್ಯಾಲಿಯಲ್ಲಿ ಕೇಟ್ ಫ್ಲೆಮಿಂಗ್ ತೀರಿಕೊಂಡರು. ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವುದರಲ್ಲಿ ಹೆಸರಾದ ಕಲಾವಿದೆ ಆಕೆ. ಮನೆಯ ನೆಲಮಾಳಿಗೆಯಲ್ಲಿ ಅವರ ಸ್ಟುಡಿಯೊ ಇತ್ತು. ಮಳೆನೀರು ಒಮ್ಮೆಲೇ ನುಗ್ಗಿ ಬಂದು ಆಕೆ ಅಲ್ಲೇ ಸಿಕ್ಕಿಬಿದ್ದರು. ಅಗ್ನಿಶಾಮಕದವರು ನೆಲವನ್ನು ಕೊರೆದು ಹೊರತೆಗೆದು ಆಸ್ಪತ್ರೆಗೆ ಸಾಗಿಸಿದರು. ಹಿಂದೆಯೇ ಹೋದ ಸಂಗಾತಿ ಶಾರ್ಲೀನ್ ಸ್ಟ್ರಾಂಗ್ ಅವರನ್ನು ಒಳಗೆ ಬಿಡಲಿಲ್ಲ. ಆಕೆ ಕಾನೂನಿನ ಕಣ್ಣಿನಲ್ಲಿ ಫ್ಲೆಮಿಂಗ್‌ಗೆ ಏನೂ ಆಗಬೇಕಾದವರಲ್ಲ. ದೂರದ ಊರಿನಲ್ಲಿದ್ದ ರಕ್ತಸಂಬಂಧಿಯೊಬ್ಬರು ಫೋನಿನಲ್ಲಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಬಾಗಿಲು ತೆರೆಯಿತು. ಮುಂದಿನ ತಿಂಗಳುಗಳಲ್ಲಿ ಸ್ಟ್ರಾಂಗ್ ರಾಜಧಾನಿ ಒಲಿಂಪಿಯಾಕ್ಕೆ ಹೋಗಿ ಶಾಸಕರ ಮುಂದೆ ಇದೆಲ್ಲವನ್ನೂ ಹೇಳಿದರು.

ನನ್ನ ಹೆಂಡತಿ ನನಗೆ ಏನಾಗಬೇಕು ಎಂದು ಇಲ್ಲಿ ನನ್ನನ್ನು ಯಾರೂ ಎರಡು ಸಲ ಕೇಳಿದ್ದಿಲ್ಲ. ನಮ್ಮ ಮದುವೆ ನಡೆದದ್ದು ಹಾಸನದ ಛತ್ರವೊಂದರಲ್ಲಿ. ವೀಸಾಕ್ಕೆ ಬೇಕಾಗುತ್ತದೆ ಎಂದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ನೋಂದಣಿ ಮಾಡಿಸಿದ್ದು ಆಮೇಲೆ. ಆ ಒಂದು ಹಾಳೆಯ ಬಲದಿಂದ ಆಕೆಗೆ ಅವಲಂಬಿತರ ವೀಸಾ ಸಿಕ್ಕಿತು, ನನ್ನ ಆಫೀಸಿನ ಆರೋಗ್ಯ ವಿಮೆಯಲ್ಲಿ ಹೆಸರು ಸೇರಿತು, ಹೆರಿಗೆಯ ಹೊತ್ತಿನಲ್ಲಿ ನಾನು ಪಕ್ಕದಲ್ಲಿ ನಿಂತೆ. ಎದುರು ಮನೆಯವರು ಆಗಲೇ ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದ್ದರು. ಅವರ ಬಳಿ ಅಂಥ ಹಾಳೆ ಇರಲಿಲ್ಲ.

ಆ ಹಾಳೆಗಾಗಿ ಈ ರಾಜ್ಯದಲ್ಲಿ ನಡೆದ ಹೋರಾಟ ಹಳೆಯದು. 1971ರ ಸೆಪ್ಟೆಂಬರಿನಲ್ಲಿ ಜಾನ್ ಸಿಂಗರ್ ಮತ್ತು ಪಾಲ್ ಬಾರ್ವಿಕ್ ಎಂಬಿಬ್ಬರು ಸಿಯಾಟಲ್‌ನ ಕೌಂಟಿ ಕಚೇರಿಗೆ ಹೋಗಿ ಮದುವೆಯ ಲೈಸೆನ್ಸ್ ಕೇಳಿದರು, ಸಿಗಲಿಲ್ಲ. 1974ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆಗದು ಎಂದಿತು. 1998ರಲ್ಲಿ ಮದುವೆಯೆಂದರೆ ಗಂಡು ಹೆಣ್ಣಿನದು ಮಾತ್ರ ಎಂಬ ಕಾನೂನು ಬಂತು. ಗವರ್ನರ್ ಗ್ಯಾರಿ ಲಾಕ್ ಅದನ್ನು ತಡೆದರೂ ಶಾಸನಸಭೆ ಅವರ ತಡೆಯನ್ನು ಮೀರಿ ಜಾರಿಗೆ ತಂದಿತು. ಅದನ್ನು ಪ್ರಶ್ನಿಸಿದ ಜೋಡಿಗಳ ಮೊಕದ್ದಮೆ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ 2006ರ ಜುಲೈಯಲ್ಲಿ 5-4ರ ಅಂತರದಿಂದ ಬಿದ್ದುಹೋಯಿತು. ಮದುವೆಯನ್ನು ಗಂಡು ಹೆಣ್ಣಿಗೆ ಸೀಮಿತ ಮಾಡಿದರೆ ಸಂತಾನಕ್ಕೆ ಉತ್ತೇಜನ ಸಿಗುತ್ತದೆಂದು ಶಾಸಕರು ನಂಬಿದ್ದರೆ ಅದರಲ್ಲಿ ತಪ್ಪು ಹುಡುಕಲಾಗದು ಎಂಬುದು ತೀರ್ಪಿನ ಒಂದು ಎಳೆ. ಇದಕ್ಕೆ ಕೆಲವರು ತಮಾಷೆಯಾಗಿಯೇ ಉತ್ತರ ಕೊಟ್ಟರು. ಮದುವೆಯಾಗಿ ಮೂರು ವರ್ಷದೊಳಗೆ ಮಕ್ಕಳಾಗದಿದ್ದರೆ ಮದುವೆ ರದ್ದಾಗಬೇಕು ಎಂಬ ಮಸೂದೆಯನ್ನು ಜನರ ಮತಕ್ಕೆ ಹಾಕಲು ಅವರು 2007ರಲ್ಲಿ ಅರ್ಜಿ ಹಾಕಿದರು. ಸಹಿಗಳು ಸಾಲದೆ ಅದು ನಿಂತಿತು. ಆದರೆ ಹೇಳಬೇಕಾದ್ದನ್ನು ಹೇಳಿಯಾಗಿತ್ತು.

ಮದುವೆಯ ಬಾಗಿಲು ಮುಚ್ಚಿದ ಮೇಲೆ ಒಲಿಂಪಿಯಾದಲ್ಲಿ ಕಿಟಕಿಯೊಂದು ತೆರೆಯಿತು. 2007ರ ಏಪ್ರಿಲ್‌ನಲ್ಲಿ ಗವರ್ನರ್ ಕ್ರಿಸ್ಟೀನ್ ಗ್ರೆಗೊಯರ್ ಸಹಿ ಹಾಕಿದ ಕಾನೂನು ಸಲಿಂಗಿ ಜೋಡಿಗಳಿಗೆ ‘ಡೊಮೆಸ್ಟಿಕ್ ಪಾರ್ಟ್‌ನರ್‌ಶಿಪ್’ ಎಂಬ ನೋಂದಣಿಯನ್ನು ಕೊಟ್ಟಿತು. ಆಸ್ಪತ್ರೆಯಲ್ಲಿ ಭೇಟಿ, ಚಿಕಿತ್ಸೆಯ ತೀರ್ಮಾನ, ಅಂತ್ಯಕ್ರಿಯೆ, ಉತ್ತರಾಧಿಕಾರ, ಇಂಥ ಕೆಲವು ಹಕ್ಕುಗಳು. 2008ರಲ್ಲಿ ಇನ್ನಷ್ಟು ಸೇರಿದವು. ಎದುರು ಮನೆಯ ಹಿರಿಯಾಕೆ ನೋಂದಣಿಯ ಕಾರ್ಡನ್ನು ಪರ್ಸಿನಿಂದ ತೆಗೆದು ನಮಗೆ ತೋರಿಸಿದ್ದರು. ನಮ್ಮ ಅಜ್ಜಿ ಪೋಸ್ಟಾಫೀಸಿನ ಪಾಸ್‌ಬುಕ್ಕನ್ನು ಹಿಡಿಯುತ್ತಿದ್ದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು.

2009ರ ಮೇ 18ರಂದು ಮೂರನೇ ಕಾನೂನಿಗೆ ಸಹಿ ಬಿತ್ತು. ಸೆನೆಟಿನಲ್ಲಿ ಎಡ್ ಮರ್ರೆ, ಕೆಳಮನೆಯಲ್ಲಿ ಜೇಮಿ ಪೆಡರ್ಸನ್ ಇದರ ಹಿಂದಿದ್ದವರು. ರಾಜ್ಯದ ಕಾನೂನಿನಲ್ಲಿ ಗಂಡ ಹೆಂಡಿರಿಗೆ ಏನೇನು ಇದೆಯೋ ಅದೆಲ್ಲ ನೋಂದಾಯಿತ ಸಂಗಾತಿಗಳಿಗೂ ಇದೆ ಎಂಬುದು ಅದರ ಸಾರ. ಸಂಗಾತಿಗೆ ಕಾಯಿಲೆಯಾದರೆ ರಜೆ, ಕೆಲಸದಲ್ಲಿ ಸತ್ತರೆ ಪರಿಹಾರ, ಸರ್ಕಾರಿ ನೌಕರರ ಪಿಂಚಣಿ, ಮಕ್ಕಳ ಹೊಣೆ ಎಲ್ಲವೂ. ಆದರೆ ಇದು ಮದುವೆಯಲ್ಲ ಎಂದೂ ಸ್ಪಷ್ಟಪಡಿಸಲಾಗಿತ್ತು. ಜನ ಇದನ್ನು ಮದುವೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಕೊಡುವ ಕಾನೂನು ಎಂದು ಕರೆದರು.

ಮದುವೆಯನ್ನು ರಕ್ಷಿಸುತ್ತೇವೆಂದು ಹೊರಟ ಗುಂಪೊಂದು ಈ ಕಾನೂನನ್ನು ಜನಮತಕ್ಕೆ ಹಾಕಲು ಸಹಿ ಸಂಗ್ರಹಕ್ಕೆ ಇಳಿಯಿತು. ವಾಷಿಂಗ್ಟನ್ ರಾಜ್ಯದ ಸಂವಿಧಾನಕ್ಕೆ 1912ರಲ್ಲಿ ಸೇರಿದ ತಿದ್ದುಪಡಿಯೊಂದು ಜನರಿಗೆ ಈ ಅಧಿಕಾರ ಕೊಟ್ಟಿದೆ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಚಲಾಯಿಸಿದ ಮತಗಳ ಶೇಕಡಾ 4ರಷ್ಟು ಮತದಾರರು ಸಹಿ ಹಾಕಿದರೆ, ಶಾಸನಸಭೆ ಮಾಡಿದ ಕಾನೂನು ಜಾರಿಯಾಗುವ ಮೊದಲು ಜನರ ಮುಂದೆ ನಿಲ್ಲಬೇಕು. 2009ರಲ್ಲಿ ಆ ಲೆಕ್ಕ 1,20,577 ಸಹಿ. ಜುಲೈ ಕೊನೆಯಲ್ಲಿ ಅವರು 1,37,000ಕ್ಕೂ ಹೆಚ್ಚು ಸಹಿಗಳನ್ನು ಒಪ್ಪಿಸಿದರು. ಅಧಿಕಾರಿಗಳು ಆಗಸ್ಟ್ ತಿಂಗಳಿಡೀ ಒಂದೊಂದು ಸಹಿಯನ್ನೂ ಮತದಾರರ ಪಟ್ಟಿಗೆ ತಾಳೆ ಹಾಕಿದರು, ಎರಡೂ ಪಕ್ಷದವರು ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಕೊನೆಗೆ ಬೇಕಾದ್ದಕ್ಕಿಂತ ಸಾವಿರ ಚಿಲ್ಲರೆಯಷ್ಟೇ ಹೆಚ್ಚಿನ ಸಹಿ ಸಿಂಧುವಾಗಿ, ‘ರೆಫರೆಂಡಮ್ 71’ ಮತಪತ್ರಕ್ಕೆ ಬಂತು. ಆ ಜುಲೈ 2ರಂದೇ ದೆಹಲಿ ಹೈಕೋರ್ಟು, ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತ್ತು. ಊರಿನ ಸುದ್ದಿಯನ್ನೂ ಇಲ್ಲಿನ ಸುದ್ದಿಯನ್ನೂ ಒಂದೇ ವಾರಗಳಲ್ಲಿ ಓದುತ್ತಿದ್ದೆ.

ಆ ವರ್ಷದ ದೀಪಾವಳಿ ಅಕ್ಟೋಬರ್ 17ಕ್ಕೆ ಬಿದ್ದಿತ್ತು. ಕನ್ನಡಿಗರು ಸೇರಿದ್ದ ಊಟದ ಸಾಲಿನಲ್ಲಿ ಯಾರೋ ಈ ವಿಷಯ ತೆಗೆದರು. ಇನ್ಯಾರೋ ಒಂದು ಜೋಕು ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ತಟ್ಟೆ ಹಿಡಿದು ಕೂತ ಮೇಲೆ ಹೆಂಡತಿ ಒಂದೇ ಮಾತು ಕೇಳಿದಳು: “ಆ ಒಲೆ ಮುಂದೆ ಮಲಗಿದ್ದು ಮರೆತುಹೋಯ್ತಾ?” ನನ್ನ ಬಳಿ ಉತ್ತರವಿರಲಿಲ್ಲ. ನಾನು ಪೌರನಲ್ಲ, ಓಟಿಲ್ಲ, ಇದು ಇವರ ಜಗಳ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಓಟಿಲ್ಲದವನಿಗೆ ಬಾಯಿಯೂ ಇರಬಾರದೆಂದೇನೂ ಇರಲಿಲ್ಲ.

ಮಾರನೆಯ ದಿನ ರಾಯರು ಮನೆಗೆ ಬಂದರು. ಅವರನ್ನು ನಾವೆಲ್ಲ ರಾಯರು ಎಂದೇ ಕರೆಯುವುದು. 1969ರಲ್ಲಿ ಓದಲು ಬಂದು ಇಲ್ಲೇ ಇಂಜಿನಿಯರಾಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಆರು ವರ್ಷ. ಕಜ್ಜಾಯ ತಿಂದು ಕಾಫಿ ಕುಡಿದು, ಜೇಬಿನಿಂದ ಅಂಚೆಯಲ್ಲಿ ಬಂದ ಮತಪತ್ರ ತೆಗೆದು ಮೇಜಿನ ಮೇಲೆ ಹರಡಿದರು. ಇಲ್ಲಿ ಮತಗಟ್ಟೆಗೆ ಹೋಗುವಂತಿಲ್ಲ. ಮನೆಯಲ್ಲೇ ಗುರುತು ಹಾಕಿ, ಲಕೋಟೆಯೊಳಗೊಂದು ಲಕೋಟೆ ಇಟ್ಟು, ಹೊರಗಿನದಕ್ಕೆ ಸಹಿ ಮಾಡಿ ಕಳಿಸಬೇಕು.

“ನೋಡಪ್ಪ, ಬೇಸಿಗೇಲಿ ಅಂಗಡಿ ಮುಂದೆ ಒಬ್ಬ ಹುಡುಗ ಮದುವೆ ಉಳಿಸಿ ಅಂದ. ಉಳೀಲಿ ಅಂತ ಸಹಿ ಹಾಕಿದೆ. ಈಗ ಇಲ್ಲಿ ಒಪ್ಪಿದೆ, ತಿರಸ್ಕರಿಸಿದೆ ಅಂತ ಎರಡಿದೆ. ಯಾವುದಕ್ಕೆ ಹಾಕಿದ್ರೆ ಏನಾಗುತ್ತೆ?”

ಈ ಗೊಂದಲ ಅವರೊಬ್ಬರದಲ್ಲ. ಸಹಿ ಹಾಕಿದವರು ಬಯಸಿದ್ದು ಕಾನೂನು ಬೀಳಲೆಂದು. ಆದರೆ ಮತಪತ್ರ ಕೇಳುತ್ತಿದ್ದದ್ದು ಕಾನೂನು ಇರಲೋ ಬೇಡವೋ ಎಂದು. ಹಾಗಾಗಿ ‘ಒಪ್ಪಿದೆ’ ಎಂದರೆ ಕಾನೂನು ಉಳಿಯುತ್ತದೆ, ‘ತಿರಸ್ಕರಿಸಿದೆ’ ಎಂದರೆ ಹೋಗುತ್ತದೆ. ನಾನು ಇಷ್ಟನ್ನು ಬಿಡಿಸಿ ಹೇಳಿದೆ. ರಾಯರು ಕನ್ನಡಕ ಏರಿಸಿ ಮತ್ತೆ ಓದಿದರು. ‘ಹಿರಿಯ ಸಂಗಾತಿಗಳು’ ಎಂಬಲ್ಲಿ ಬೆರಳು ನಿಂತಿತು. ಈ ನೋಂದಣಿ ಸಲಿಂಗಿಗಳಿಗೆ ಮಾತ್ರವಲ್ಲ, ಇಬ್ಬರಲ್ಲಿ ಒಬ್ಬರಿಗೆ 62 ತುಂಬಿದ ಗಂಡು ಹೆಣ್ಣಿನ ಜೋಡಿಗೂ ಇತ್ತು. ತೀರಿಕೊಂಡ ಗಂಡನ ಪಿಂಚಣಿಯಲ್ಲಿ ಬದುಕುವ ಹೆಂಗಸು ಮರುಮದುವೆಯಾದರೆ ಆ ಪಿಂಚಣಿ ನಿಂತುಹೋಗಬಹುದು. ಹಾಗಾಗಿ ಎಷ್ಟೋ ಮುದಿ ಜೋಡಿಗಳು ಕಾಗದವಿಲ್ಲದೆ ಬಾಳುತ್ತಿದ್ದವು. “ಓಹೋ, ನಮ್ಮಂಥ ಮುದುಕರಿಗೂ ಉಂಟೋ!” ಎಂದು ನಕ್ಕರು.

ಆಮೇಲೆ ಕಿಟಕಿಯಾಚೆ ನೋಡಿದರು. ಎದುರು ಮನೆಯವರು ಅಂಗಳದ ಎಲೆ ಗುಡಿಸುತ್ತಿದ್ದರು. ಮಗಳ ಹುಟ್ಟುಹಬ್ಬದಲ್ಲಿ ರಾಯರು ಅವರನ್ನು ಕಂಡಿದ್ದರು. “ಆ ಇಬ್ಬರೂ...?” ಎಂದರು. “ಹೌದು ರಾಯರೇ” ಎಂದಳು ಹೆಂಡತಿ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ರಾಯರು ಹೇಳಿದ್ದು ಬೇರೆಯೇ ಕತೆ. ಬಂದ ಹೊಸತರಲ್ಲಿ ಅವರು ಬಾಡಿಗೆ ಮನೆಯೊಂದಕ್ಕೆ ಫೋನು ಮಾಡಿದರು, ಖಾಲಿ ಇದೆ ಎಂದರು. ಹೋಗಿ ಮುಖ ತೋರಿಸಿದರೆ, ಈಗಷ್ಟೇ ಕೊಟ್ಟಾಯಿತು ಎಂದರು. ಜೊತೆಗಿದ್ದ ಸಹಪಾಠಿ, ಹಿಂದಿನ ವರ್ಷವಷ್ಟೇ ಕಾನೂನು ಬಂದಿದೆ, ದೂರು ಕೊಡು ಎಂದನಂತೆ. ರಾಯರು ಕೊಡಲಿಲ್ಲ. “ಯಾಕೆ ಬೇಕು ಅಂತ ಸುಮ್ನಾದೆ. ಆದ್ರೆ ಕಾನೂನು ಇದೆ ಅಂತ ಗೊತ್ತಿತ್ತಲ್ಲ, ಅಷ್ಟು ಧೈರ್ಯ.”

ಅವರು ಹೋದ ಮೇಲೆ ಆ ಕಾನೂನಿನ ಕತೆಯನ್ನು ಹುಡುಕಿ ಓದಿದೆ. ಬಣ್ಣ, ಜನಾಂಗ ನೋಡಿ ಮನೆ ನಿರಾಕರಿಸಬಾರದು ಎಂಬ ಪ್ರಸ್ತಾವವನ್ನು 1964ರಲ್ಲಿ ಸಿಯಾಟಲ್ ನಗರ ಜನಮತಕ್ಕೆ ಹಾಕಿತ್ತು. ಜನ ಎರಡಕ್ಕೊಂದರ ಅಂತರಕ್ಕಿಂತ ಹೆಚ್ಚಾಗಿ ಬೇಡವೆಂದರು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಬೆನ್ನಿಗೆ ನಗರಸಭೆ ಜನರನ್ನು ಕೇಳದೆ ತಾನೇ ಕಾನೂನು ಮಾಡಿತು. ಇನ್ನೊಂದು ಸಂಗತಿಯೂ ಸಿಕ್ಕಿತು. ಪೌರತ್ವಕ್ಕೆ ಅರ್ಹರಲ್ಲವೆಂದು ಏಷ್ಯಾದವರನ್ನು ಜಮೀನಿನಿಂದ ದೂರವಿಟ್ಟ 1921ರ ಕಾನೂನು ಈ ರಾಜ್ಯದಲ್ಲಿತ್ತು. ಅಂಥ ನಿರ್ಬಂಧವನ್ನು ತೆಗೆಯೋಣವೇ ಎಂದು ಜನರನ್ನು 1960ರಲ್ಲಿ ಕೇಳಿದರು, ಬೇಡವೆಂದರು. 1962ರಲ್ಲಿ ಕೇಳಿದರು, ಬೇಡವೆಂದರು. ಒಪ್ಪಿದ್ದು 1966ರಲ್ಲಿ. ಬಾಡಿಗೆ ಮನೆಯ ಮುಂದೆ ನಿಂತ ರಾಯರ ಹಕ್ಕನ್ನು ಸಾವಿರಾರು ಅಪರಿಚಿತರು ಮೊದಲೇ ಓಟು ಹಾಕಿ ತೂಗಿದ್ದರು, ಅವರಿಗೇ ಗೊತ್ತಿಲ್ಲದಂತೆ.

ಇದೇ ರಾಜ್ಯ ಇದೇ ಬಗೆಯ ಓಟಿನಿಂದ ಒಳ್ಳೆಯದನ್ನೂ ಮಾಡಿದೆ. 1910ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟದ್ದು ಗಂಡಸರ ಓಟು. 1978ರಲ್ಲಿ ಸಲಿಂಗಿಗಳಿಗೆ ಉದ್ಯೋಗ, ವಸತಿಯಲ್ಲಿ ಇದ್ದ ರಕ್ಷಣೆಯನ್ನು ಕಿತ್ತುಹಾಕುವ ಪ್ರಸ್ತಾವ ಬಂದಾಗ ಸಿಯಾಟಲ್ ಮತದಾರರು ದೊಡ್ಡ ಅಂತರದಿಂದ ಅದನ್ನು ಸೋಲಿಸಿದರು. ಆದರೆ 1997ರಲ್ಲಿ ಅಂಥದೇ ಉದ್ಯೋಗ ರಕ್ಷಣೆಯನ್ನು ಇಡೀ ರಾಜ್ಯಕ್ಕೆ ಕೊಡೋಣ ಎಂದಾಗ ರಾಜ್ಯ ಬೇಡವೆಂದಿತು. ಜನಮತ ಯಾರ ಪಕ್ಷವೂ ಅಲ್ಲ. ಆ ಹೊತ್ತಿನ ಜನ ಯಾರನ್ನು ತಮ್ಮವರೆಂದು ಬಗೆದಿದ್ದಾರೆ ಎಂಬುದನ್ನಷ್ಟೇ ಅದು ಹೇಳುತ್ತದೆ.

ಸಹಿ ಹಾಕಿದವರ ಹೆಸರಿನದೂ ಒಂದು ರಂಪವಾಯಿತು. ಆ ಪಟ್ಟಿಯನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತೇವೆ ಎಂದು ಕೆಲವರು ಹೊರಟರು. ಹೆಸರು ಹೊರಬಂದರೆ ಕಿರುಕುಳ ತಪ್ಪದು ಎಂದು ಅರ್ಜಿದಾರರು ಕೋರ್ಟಿಗೆ ಹೋದರು. ರಾಯರಿಗೂ ಅಳುಕಿತ್ತು. “ಎದುರು ಮನೆಯವರು ನೋಡಿದ್ರೆ?” ಎಂದು ಒಮ್ಮೆ ಕೇಳಿದರು. ಮೊಕದ್ದಮೆ ವಾಷಿಂಗ್ಟನ್ ಡಿ.ಸಿ.ವರೆಗೆ ಹೋಗಿ, 2010ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟು 8-1ರಿಂದ ತೀರ್ಪು ಕೊಟ್ಟಿತು. ಇಂಥ ಅರ್ಜಿಗಳ ಸಹಿಯನ್ನು ಬಹಿರಂಗಪಡಿಸುವುದು ಸಾಮಾನ್ಯವಾಗಿ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಪ್ರಜಾಪ್ರಭುತ್ವದಲ್ಲಿ ಪೌರನಿಗೆ ಸ್ವಲ್ಪ ಎದೆಗಾರಿಕೆಯೂ ಇರಬೇಕು ಎಂಬರ್ಥದ ಮಾತನ್ನು ಆಡಿದವರು ಸಂಪ್ರದಾಯವಾದಿಯೆಂದೇ ಹೆಸರಾದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ. ಆ ಮಾತನ್ನು ಓದಿದಾಗ ನೆನಪಾದದ್ದು ಊಟದ ಸಾಲಿನ ನನ್ನ ನಗು.

2009ರ ನವೆಂಬರ್ 3ರಂದು ಮತದಾನ ಮುಗಿಯಿತು. ಅಂಚೆಯ ಮತಗಳಾದ್ದರಿಂದ ಚಿತ್ರ ಸ್ಪಷ್ಟವಾಗಲು ಒಂದೆರಡು ದಿನ ಹಿಡಿಯಿತು. ಒಪ್ಪಿದವರು ಶೇಕಡಾ 53.15, ತಿರಸ್ಕರಿಸಿದವರು 46.85. ಸಿಯಾಟಲ್ ಇರುವ ಕಿಂಗ್ ಕೌಂಟಿ ದೊಡ್ಡ ಅಂತರ ಕೊಟ್ಟಿತ್ತು. ಕ್ಯಾಸ್ಕೇಡ್ ಪರ್ವತಗಳ ಆಚೆಯ ಸೇಬಿನ ತೋಟ, ಗೋಧಿ ಹೊಲಗಳ ಸೀಮೆ ಬಹುಪಾಲು ಬೇಡವೆಂದಿತ್ತು. ಹಿಂದಿನ ವರ್ಷ ಕ್ಯಾಲಿಫೋರ್ನಿಯಾದ ಮತದಾರರು ಇದ್ದ ಮದುವೆಯ ಹಕ್ಕನ್ನು ಕಸಿದಿದ್ದರು. ಅದೇ ನವೆಂಬರ್ 3ರಂದು ದೇಶದ ಇನ್ನೊಂದು ತುದಿಯ ಮೇನ್ ರಾಜ್ಯದಲ್ಲಿ ಶಾಸನಸಭೆ ಒಪ್ಪಿದ ಸಲಿಂಗ ಮದುವೆಯ ಕಾನೂನನ್ನು ಜನ ಹೆಚ್ಚುಕಡಿಮೆ ಇಷ್ಟೇ ಅಂತರದಿಂದ ಬೀಳಿಸಿದರು. ಹಾಗಾಗಿ ಸಲಿಂಗಿ ಜೋಡಿಗಳಿಗೆ ಕಾನೂನಿನ ಮನ್ನಣೆಯನ್ನು ರಾಜ್ಯವ್ಯಾಪಿ ಓಟಿನಿಂದ ಎತ್ತಿಹಿಡಿದ ಮೊದಲ ರಾಜ್ಯ ವಾಷಿಂಗ್ಟನ್ ಆಯಿತು.

ನಾನು ಅಭಿನಂದನೆ ಹೇಳಲು ಎದುರು ಮನೆಗೆ ಹೋದೆ. ಹಿರಿಯಾಕೆ ಚಹಾ ಕೊಟ್ಟು ಕೂರಿಸಿದರು. ಗೆದ್ದ ಸಂತೋಷವಿತ್ತು. ಆದರೆ ಹೊರಗೆ ಹೋದಾಗಲೆಲ್ಲ, ಅಂಗಡಿಯ ಸಾಲಿನಲ್ಲಿ ನಿಂತಾಗಲೆಲ್ಲ, ಈ ಇಬ್ಬರಲ್ಲಿ ಒಬ್ಬರು ನಮ್ಮನ್ನು ಬೇಡ ಅಂದಿದ್ದಾರೆ ಎಂದು ಲೆಕ್ಕ ಹಾಕುತ್ತೇನೆ ಎಂದರು. ಗೆದ್ದವರೂ ಹೀಗೆ ಎಣಿಸಬೇಕಾಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ನನ್ನ ಮದುವೆ ಬೇಡವೆನ್ನುವವರು ಎಷ್ಟು ಜನ ಎಂದು ನಾನು ಎಂದೂ ಎಣಿಸಬೇಕಾಗಿ ಬಂದಿಲ್ಲ.

ಮೂರು ವರ್ಷದ ನಂತರ ಹೆಸರೂ ಬಂತು. 2012ರ ಫೆಬ್ರವರಿ 13ರಂದು ಗ್ರೆಗೊಯರ್ ಮದುವೆಯ ಕಾನೂನಿಗೇ ಸಹಿ ಹಾಕಿದರು. ಚರ್ಚೆಯಲ್ಲಿ ವಾಲಾ ವಾಲಾದ ರಿಪಬ್ಲಿಕನ್ ಶಾಸಕಿ ಮೌರೀನ್ ವಾಲ್ಶ್ ತಮ್ಮ ತೀರಿಕೊಂಡ ಗಂಡನನ್ನೂ ಸಲಿಂಗಿಯಾದ ಮಗಳನ್ನೂ ನೆನೆದು ಪಕ್ಷದ ನಿಲುವಿಗೆ ವಿರುದ್ಧವಾಗಿ ಮಾತಾಡಿದರು. ಮತ್ತೆ ಸಹಿ ಸಂಗ್ರಹ, ಮತ್ತೆ ಜನಮತ. ‘ರೆಫರೆಂಡಮ್ 74’ ನವೆಂಬರ್ 6ರಂದು ಶೇಕಡಾ 53.7ರಷ್ಟು ಮತದಿಂದ ಗೆದ್ದಿತು. ಅದೇ ದಿನ ಮೇರಿಲ್ಯಾಂಡ್ ಕೂಡ ಒಪ್ಪಿತು. ಮೇನ್ ಮೂರು ವರ್ಷದ ಹಿಂದಿನ ತನ್ನ ಮಾತನ್ನು ಬದಲಿಸಿತು. ಡಿಸೆಂಬರ್ 9ರಂದು ಸಿಯಾಟಲ್‌ನ ಸಿಟಿ ಹಾಲಿನಲ್ಲಿ ನೂರಕ್ಕೂ ಹೆಚ್ಚು ಜೋಡಿಗಳು ಮದುವೆಯಾದವು.

ಎದುರು ಮನೆಯವರು ಆಗ ಹೋಗಲಿಲ್ಲ. ರಾಜ್ಯ ಹೂಂ ಎಂದರೂ ಕೇಂದ್ರದ 1996ರ ಕಾನೂನು ಇನ್ನೂ ಅಡ್ಡ ನಿಂತಿತ್ತು. ತೆರಿಗೆ, ಪಿಂಚಣಿ, ವಲಸೆ ಇವೆಲ್ಲ ಕೇಂದ್ರದ ಕೈಯಲ್ಲಿ. ನನ್ನ ಹೆಂಡತಿಗೆ ಸಿಕ್ಕಂಥ ಅವಲಂಬಿತರ ವೀಸಾ ಒಂದು ಸಲಿಂಗಿ ಜೋಡಿಗೆ ಸಿಗುತ್ತಿರಲಿಲ್ಲ, ಅವರು ಎಲ್ಲಿ ಮದುವೆಯಾಗಿದ್ದರೂ. 2013ರ ಜೂನ್ 26ರಂದು ಸುಪ್ರೀಂ ಕೋರ್ಟು ಆ ಅಡ್ಡಿಯನ್ನು ತೆಗೆದುಹಾಕಿತು. ಆಗಸ್ಟ್‌ನಲ್ಲಿ ಅವರ ಹಿತ್ತಲಿನಲ್ಲಿ ಮದುವೆ. ಹೆಂಡತಿ ಮೈಸೂರು ರೇಷ್ಮೆ ಸೀರೆ ಉಟ್ಟಳು. ಏಳು ವರ್ಷದ ಮಗಳು ಹೂವಿನ ಬುಟ್ಟಿ ಹಿಡಿದಳು. ರಾಯರೂ ಬಂದಿದ್ದರು, ಕೋಲೂರಿಕೊಂಡು. 2009ರಲ್ಲಿ ಅವರು ಯಾವ ಕಡೆ ಗುರುತು ಹಾಕಿದರೆಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಸಹಿ ಬಹಿರಂಗ, ಮತ ಗುಟ್ಟು.

ಊರಿನ ಸುದ್ದಿ ಹಾಗಿರಲಿಲ್ಲ. ಅದೇ ವರ್ಷದ ಡಿಸೆಂಬರ್ 11ರಂದು ನಮ್ಮ ಸುಪ್ರೀಂ ಕೋರ್ಟು ದೆಹಲಿ ಹೈಕೋರ್ಟಿನ ತೀರ್ಪನ್ನು ಅಳಿಸಿಹಾಕಿತು. ಅದನ್ನು ಸರಿಪಡಿಸಲು 2018ರ ಸೆಪ್ಟೆಂಬರ್ ಬರಬೇಕಾಯಿತು. 2023ರ ಅಕ್ಟೋಬರಿನಲ್ಲಿ ಮದುವೆಯ ಪ್ರಶ್ನೆ ಬಂದಾಗ, ಅದು ಶಾಸನಸಭೆಗೆ ಬಿಟ್ಟದ್ದು ಎಂದು ಕೋರ್ಟು ಕೈಬಿಟ್ಟಿತು. ಕೋರ್ಟು ಶಾಸಕರತ್ತ ತೋರಿಸುತ್ತದೆ, ಶಾಸಕರು ಜನರತ್ತ ತೋರಿಸುತ್ತಾರೆ. ಇಲ್ಲಿ ಆ ಬೆರಳನ್ನು ಹಿಡಿದು ಕೊನೆಯವರೆಗೂ ಹೋದರು, ಎರಡು ಸಲ ಗೆದ್ದರು. ಆದರೂ ಅಂಗಡಿಯ ಸಾಲಿನಲ್ಲಿ ನಿಂತು ಎಣಿಸುವ ಆ ಹೆಂಗಸಿನ ಮುಖ ನೆನಪಾದಾಗ, ಕೇಳಬಾರದ ಪ್ರಶ್ನೆಯೊಂದನ್ನು ಊರಿಗೆಲ್ಲ ಕೇಳಿದರೇನೋ ಅನ್ನಿಸುತ್ತದೆ.

ಮದುವೆಯ ದಿನ ಕಾಗದಕ್ಕೆ ಇಬ್ಬರು ಸಾಕ್ಷಿಗಳು ಬೇಕಿತ್ತು. ಒಬ್ಬರು ಕಿರಿಯಾಕೆಯ ಅಣ್ಣ. ಇನ್ನೊಂದು ಗೆರೆಯ ಮುಂದೆ ಪೆನ್ನನ್ನು ನನ್ನ ಕೈಗೆ ಕೊಟ್ಟರು. ನಾನಿನ್ನೂ ಪೌರನಲ್ಲವಲ್ಲ ಎಂದೆ. ಸಾಕ್ಷಿ ಹೇಳಲು ಪೌರನಾಗಬೇಕಿಲ್ಲ ಎಂದರು ಹಿರಿಯಾಕೆ. ಮೇಜು ಅಲುಗಾಡುತ್ತಿತ್ತು. ಮಗಳು ಬಂದು ಅದನ್ನು ಹಿಡಿದುಕೊಂಡಳು. ಹಾಸನದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಾಕಿದ್ದ ಹಾಗೆಯೇ, ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.